ಹತ್ತು ಲಕ್ಷದ ಒಂಬತ್ತು

ಏಳರಿಂದ ಭಾಗಿಸಿದರೆ ಮೂರು ಉಳಿಯುತ್ತದೆ ಎಂಬುದು ಎಡಗೆನ್ನೆಗೆ ಸೋಪು ಹಚ್ಚಿಕೊಳ್ಳುವಾಗಲೇ ಅವನಿಗೆ ಹೊಳೆಯಿತು. ಬಲಗೆನ್ನೆಗೆ ಬರುವಷ್ಟರಲ್ಲಿ ಹನ್ನೊಂದು ಮುಗಿದಿತ್ತು, ಹತ್ತು ಉಳಿಯಿತು. ಹದಿಮೂರಕ್ಕೂ ಹತ್ತೇ. ಇದರಲ್ಲಿ ಅವನ ಜಾಣತನವೇನೂ ಇರಲಿಲ್ಲ. ಆರು ಒಂಬತ್ತುಗಳನ್ನು ಸಾಲಾಗಿ ನಿಲ್ಲಿಸಿದರೆ ಆಗುವ ಸಂಖ್ಯೆಯ ಹೊಟ್ಟೆಯೊಳಗೆ ಏಳು, ಹನ್ನೊಂದು, ಹದಿಮೂರು, ಮೂವತ್ತೇಳು ಎಲ್ಲವೂ ಒಂದೇ ಚಾಪೆಯ ಮೇಲಿನ ಮಕ್ಕಳ ಹಾಗೆ ಒತ್ತಿಕೊಂಡು ಮಲಗಿರುತ್ತವೆ. ಅದಕ್ಕೆ ಹತ್ತು ಸೇರಿದರೆ ಹತ್ತು ಲಕ್ಷದ ಒಂಬತ್ತು. ಆ ಹತ್ತು ಮಾತ್ರ ಹೊರಗಿನಿಂದ ಬಂದದ್ದು, ಯಾರ ಮಡಿಲಿಗೂ ಸೇರದೆ ಬಾಗಿಲಲ್ಲೇ ನಿಂತುಬಿಡುತ್ತದೆ. ಕನ್ನಡಿಯಲ್ಲಿ ಅರ್ಧ ಬಿಳಿ, ಅರ್ಧ ಕಪ್ಪು ಮುಖ ಅವನನ್ನು ನೋಡುತ್ತಿತ್ತು. ಹದಿನೇಳರಿಂದ ಭಾಗಿಸಿದ. ಒಂದು ಉಳಿಯಿತು. ಹತ್ತೊಂಬತ್ತಕ್ಕೂ ಒಂದೇ. ಇನ್ನು ಒಂದೇ ಒಂದು ಕಡಿಮೆ ಇದ್ದಿದ್ದರೆ ಎರಡೂ ಹೋಗುತ್ತಿದ್ದವಲ್ಲ ಎಂದು ಅವನಿಗೆ ಯಾಕೋ ಮರುಕವಾಯಿತು, ಪಾಪ, ಬಸ್ಸು ತಪ್ಪಿಸಿಕೊಂಡವರನ್ನು ಕಂಡಾಗ ಆಗುವ ಹಾಗೆ. ಒಂದು ಸಂಖ್ಯೆಯನ್ನು ಮಾತ್ರ ಅವನು ಮುಟ್ಟಲಿಲ್ಲ. ಇನ್ನೂರ ತೊಂಬತ್ತಮೂರು ಎಂಬ ಓಣಿಯ ಬಾಯಿಗೆ ಬಂದಾಗಲೆಲ್ಲ ಮನಸ್ಸು ತಾನಾಗಿ ರಸ್ತೆಯ ಆಚೆ ಬದಿಗೆ ದಾಟಿಕೊಂಡು ನಡೆಯುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಹೀಗೆಯೇ ದಾಟಿಕೊಂಡು ನಡೆದಿದೆ.

ನಿನ್ನೆ ಸಂಜೆ, ಸಂಖ್ಯೆಗಳ ಭಾಜಕ ಕೋಷ್ಟಕ ಬರೆದ ಮೇಷ್ಟ್ರು ಅವನು ಕೆಲಸ ಮಾಡುವ ಮುದ್ರಣಾಲಯಕ್ಕೆ ಫೋನು ಮಾಡಿ, ಎರಡನೇ ಮುದ್ರಣದ ಕೊನೆಯ ಪುಟವನ್ನು ತಡೆಹಿಡಿಯಿರಿ, ಅದರಲ್ಲೊಂದು ತಪ್ಪಿದೆ, ನಾಳೆ ನಾನೇ ಬರುತ್ತೇನೆ ಎಂದಿದ್ದರು. ಯಾವ ತಪ್ಪು ಎಂದು ಅವರು ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಕೇಳದೇ ಇದ್ದದ್ದು ಅಕ್ಕನಿಗೆ ಗೊತ್ತಾದರೆ ಅವಳು ಏನೆಂದುಕೊಂಡಾಳು ಎಂದು ಯೋಚಿಸುತ್ತ ಅವನು ಮುಖ ಒರೆಸಿಕೊಂಡ. ಅಕ್ಕ ಆಚೆ ಕೋಣೆಯಲ್ಲಿ ಕೂತು, ಗ್ರಂಥಾಲಯದಿಂದ ಬಂದ ಹರಿದ ಪುಸ್ತಕವೊಂದರ ಬೆನ್ನಿಗೆ ದಾರ ಹೊಲಿಯುತ್ತಿದ್ದಳು. "ಇವತ್ತೇನೋ ಕನ್ನಡಿ ಮುಂದೆ ಇಷ್ಟು ಹೊತ್ತು? ಹೆಣ್ಣು ನೋಡೋಕೆ ಹೊರಟಿದ್ಯಾ ಈ ವಯಸ್ಸಲ್ಲಿ?" ಎಂದು ತಲೆಯೆತ್ತದೆ ಕೇಳಿದಳು. "ಕೊನೇ ಪುಟ ಇದೆ ಇವತ್ತು" ಎಂದ. ದಾರ ಎಳೆಯುತ್ತಿದ್ದ ಅವಳ ಕೈ ಒಂದು ಗಳಿಗೆ ನಿಂತಂತೆ ಅವನಿಗೆ ತೋರಿತು. ನಿಂತಿರಲಿಕ್ಕಿಲ್ಲ. ದಾರ ಉದ್ದವಿತ್ತು, ಅಷ್ಟೆ.

ಅವನ ಕೆಲಸ ಕರಡು ತಿದ್ದುವುದು. ಅಂಕಿಗಳ ಪುಸ್ತಕವನ್ನು ಒಬ್ಬರೇ ತಿದ್ದಲಾಗುವುದಿಲ್ಲ, ಕಣ್ಣು ಸುಳ್ಳು ಹೇಳುತ್ತದೆ. ಒಬ್ಬರು ಮೂಲಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ಲು ಓಡಿಸಬೇಕು. ಸೊನ್ನೆಗಳನ್ನು ಗುಂಪಾಗಿ ಓದುವಂತಿಲ್ಲ, ಒಂದೊಂದನ್ನೂ ಬಿಡಿಬಿಡಿಯಾಗಿ ಹೆಸರು ಹಿಡಿದು ಕರೆಯಬೇಕು. ಮೇಷ್ಟ್ರ ಕೋಷ್ಟಕದಲ್ಲಿ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದನ್ನು ಒಡೆಯುವ ಅತಿ ಚಿಕ್ಕ ಸಂಖ್ಯೆ ಇರುತ್ತಿತ್ತು. ಯಾವುದಕ್ಕೂ ಒಡೆಯದ ಸಂಖ್ಯೆಯ ಪಕ್ಕದಲ್ಲಿ ಒಂದು ಚುಕ್ಕಿ. ಚುಕ್ಕಿ ಬಂದಾಗ ಓದುವವರು ಬಾಯಿಂದ ಏನೂ ಹೇಳದೆ ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ತಟ್ಟುವುದು ಆ ಕೋಣೆಯ ಪದ್ಧತಿ. ಮೊದಲ ಮುದ್ರಣದ ಹೊತ್ತಿಗೆ ಅಕ್ಕ ಓದುವವಳು, ಅವನು ತಿದ್ದುವವನು. ಎರಡು ವರ್ಷ ಹಾಗೆ ಎದುರುಬದುರು ಕೂತು ಹತ್ತು ಲಕ್ಷ ಸಂಖ್ಯೆಗಳನ್ನು ದಾಟಿದ್ದರು. ಅವಳ ದನಿಯಲ್ಲಿ ಅವಸರವಿರಲಿಲ್ಲ, ಬೇಸರವೂ ಇರಲಿಲ್ಲ. ಪ್ರಾರ್ಥನೆಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವವರ ದನಿ ಅದು, ಹೇಳಿದಷ್ಟೂ ಮಾತು ಸವೆಯದೆ ಹೊಳಪಾಗುವಂಥದ್ದು. ಹತ್ತು ಲಕ್ಷ ಮುಗಿದ ಮೇಲೆ ಮೇಷ್ಟ್ರು ಸಂತೋಷಕ್ಕೆಂದು ಇನ್ನೂ ಹತ್ತು ಸಂಖ್ಯೆಗಳನ್ನು ಕೊಸರು ಹಾಕಿದ್ದರು. ಆ ಕೊಸರಿನಲ್ಲಿ ಒಂಬತ್ತನೆಯದರ ಬಳಿ ಅಕ್ಕ ನಿಂತಳು. ಒಂದು, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಒಂಬತ್ತು. ತಟ್ಟಲಿಲ್ಲ. ಅವನು ತಲೆಯೆತ್ತಿ ನೋಡಿದ. ಪ್ರತಿಯಲ್ಲಿ ಚುಕ್ಕಿ ಇತ್ತು, ಅವನ ಹಾಳೆಯಲ್ಲೂ ಚುಕ್ಕಿ ಇತ್ತು, ಆದರೆ ಅವಳ ಕೈ ಗಾಳಿಯಲ್ಲೇ ಇತ್ತು. "ನೋಡೋ, ಇದು ಸಾವಿರದ ಮೇಲೆ ಸಾವಿರದ ಒಂದು ಚೌಕ, ಮೂರರ ಮೇಲೆ ಮೂರರ ಒಂದು ಚೌಕ. ಎರಡು ಅಂಗಳ ಸೇರಿಸಿದ ಹಾಗಿದೆ, ಎಷ್ಟು ಚೆನ್ನಾಗಿದೆ" ಎಂದಳು. "ಓದಕ್ಕ, ಹೊತ್ತಾಯ್ತು" ಎಂದ. ಆಮೇಲೆ ಅವಳು ತಟ್ಟಿದಳು, ಮೆತ್ತಗೆ, ತನ್ನದಲ್ಲದ ಮನೆಯ ಬಾಗಿಲು ತಟ್ಟುವ ಹಾಗೆ.

ಮಾರನೆಯ ಬೆಳಿಗ್ಗೆ ಆ ಹಾಳೆಯ ಅಂಚಿನಲ್ಲಿ ಅವಳ ಸಣ್ಣ ದುಂಡನೆಯ ಅಕ್ಷರ ಇತ್ತು: ಮೇಷ್ಟ್ರಿಗೆ — 293 ಹೋಗುತ್ತದೆ, ದಯವಿಟ್ಟು ನೋಡಿ. ಅವನಿಗಿಂತ ಮುಂಚೆ ಬಂದು ಬರೆದಿಟ್ಟವಳು ಆಗ ಕೋಣೆಯಲ್ಲಿರಲಿಲ್ಲ. ಅಂಚು ಇರುವುದು ಪ್ರತಿಗೂ ಅಚ್ಚಿಗೂ ಇರುವ ವ್ಯತ್ಯಾಸ ಬರೆಯಲಿಕ್ಕೆ, ಪ್ರತಿಯನ್ನೇ ತಿದ್ದಲಿಕ್ಕಲ್ಲ, ಇದು ನಿಯಮ. ಮೇಲ್ವಿಚಾರಕ ಕಂಡರೆ, ಓದುವವರಿಗೆ ಲೆಕ್ಕ ಬೇರೆ ಬರುತ್ತಾ ಎಂದು ನಗುತ್ತಾನೆ, ಇದೂ ನಿಜ. ಆದರೆ ರಬ್ಬರು ಕೈಗೆತ್ತಿಕೊಂಡಾಗ ಅವನ ಮನಸ್ಸಿನಲ್ಲಿ ನಿಯಮವೂ ಇರಲಿಲ್ಲ, ಮೇಲ್ವಿಚಾರಕನೂ ಇರಲಿಲ್ಲ. ಅದೇ ಸಂಖ್ಯೆಯ ಮೇಲೆ ತನ್ನ ಪೆನ್ಸಿಲ್ಲೂ ಹಾದುಹೋಗಿತ್ತು, ತನಗೆ ಅದು ಏಳು ಅಂಕಿಗಳಾಗಿ ಮಾತ್ರ ಕಂಡಿತ್ತು ಎಂಬುದಷ್ಟೇ ಇತ್ತು. ಮೂರು ಸಲ ಉಜ್ಜಬೇಕಾಯಿತು. ಸೀಸ ಹೋದರೂ ಒತ್ತಿದ ಗುರುತು ಉಳಿಯಿತು. ಹಾಳೆಯನ್ನು ಓರೆಯಾಗಿ ಹಿಡಿದರೆ ಓದಬಹುದಿತ್ತು. ಯಾರು ಹಾಳೆಯನ್ನು ಓರೆಯಾಗಿ ಹಿಡಿಯುತ್ತಾರೆ? ಪುಸ್ತಕ ಚುಕ್ಕಿಯೊಂದಿಗೇ ಹೊರಗೆ ಬಂತು. ಮೇಷ್ಟ್ರು ಮೊದಲ ಪ್ರತಿ ಒಯ್ಯಲು ಬಂದ ದಿನ ಅಕ್ಕ ಕುರ್ಚಿಯಿಂದ ಎದ್ದು ನಿಂತಿದ್ದಳು. ಅವರು ಎಲ್ಲರಿಗೂ ಮಾಡಿದ ಹಾಗೆ ಅವಳಿಗೂ ಒಂದು ನಮಸ್ಕಾರ ಮಾಡಿ ಮುಂದೆ ಹೋದರು. ಅವಳು ಸ್ವಲ್ಪ ಹೊತ್ತು ನಿಂತೇ ಇದ್ದು, ಆಮೇಲೆ ಸೆರಗು ಸರಿಮಾಡಿಕೊಳ್ಳಲಿಕ್ಕೆಂದೇ ಎದ್ದವಳ ಹಾಗೆ ಸೆರಗು ಸರಿಮಾಡಿಕೊಂಡು ಕೂತಳು. ಮುಂದಿನ ವಾರ ಕಣ್ಣು ನೋವು ಎಂದು ಕೆಲಸ ಬಿಟ್ಟಳು. ಕಣ್ಣು ನೋವಿದ್ದವಳು ಹತ್ತೊಂಬತ್ತು ವರ್ಷದಿಂದ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ.

ಈಗ ಓದುವ ಕುರ್ಚಿಯಲ್ಲಿ ಇರುವ ಹುಡುಗಿಗೆ ಎಲ್ಲರೂ ಗಿಣಿ ಎನ್ನುತ್ತಾರೆ. ಅವಳು ಬಾಯಲ್ಲಿ ಲವಂಗ ಇಟ್ಟುಕೊಂಡೇ ಓದುತ್ತಾಳೆ. "ಸಾರ್, ಇವತ್ತು ನಿಮ್ಮ ಪೆನ್ಸಿಲ್ ನಡೆಯೋದಕ್ಕೂ ಕಾಸು ಕೇಳ್ತಿದೆ" ಎಂದು ಬೆಳಿಗ್ಗೆಯೇ ಛೇಡಿಸಿದಳು. ಅವನು ಮುನ್ನುಡಿಯ ಹಾಳೆ ತಿದ್ದಿ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಹನ್ನೊಂದೂವರೆ. ಒಂದು, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ, ಒಂಬತ್ತು, ಎಂದು ಓದಿ ಗಿಣಿ ಟಕ್ಕೆಂದು ತಟ್ಟಿದಳು. ಆ ಸದ್ದು ಆರುವ ಮೊದಲೇ ಬಾಗಿಲಲ್ಲಿ, "ತಟ್ಟಬೇಡಮ್ಮಾ, ತಟ್ಟಬೇಡ, ಅದರ ಒಳಗೆ ಇಬ್ಬರಿದ್ದಾರೆ" ಎಂದು ಯಾರೋ ನಕ್ಕರು. ಮೇಷ್ಟ್ರು. ಕೋಲು ಹಿಡಿದಿದ್ದರು, ಬೆನ್ನು ಬಾಗಿತ್ತು, ಕಂಕುಳಲ್ಲಿ ಮಾಸಿದ ರಟ್ಟಿನ ಪಟ್ಟಿಗಳ ಒಂದು ಕಟ್ಟು. ಕೂತವರೇ ಒಂದು ಪಟ್ಟಿಯನ್ನು ಎಳೆದು ಮೇಜಿನ ಮೇಲೆ ಹಾಸಿದರು. ಒಂದೊಂದು ಭಾಜಕಕ್ಕೂ ಒಂದೊಂದು ಪಟ್ಟಿ. ಅದರ ಹೆಜ್ಜೆಗೆ ಸರಿಯಾಗಿ ಕಿಂಡಿ ಕೊರೆದಿದ್ದರು. ಪುಟದ ಮೇಲೆ ಇಟ್ಟು ಜರುಗಿಸುತ್ತ ಹೋದರೆ ಕಿಂಡಿಯಲ್ಲಿ ಇಣುಕಿದ ಸಂಖ್ಯೆಗಳೆಲ್ಲ ಅದರ ಪಾಲಿನವು.

"ನನ್ನ ಇನ್ನೂರ ತೊಂಬತ್ತಮೂರರ ಪಟ್ಟಿ ನೋಡಪ್ಪಾ" ಎಂದರು. "ಕೊನೇ ಕಿಂಡಿ ಒಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರದ ಏಳುನೂರ ಹದಿನಾರರ ಮೇಲೆ ಕೂರುತ್ತೆ. ಹತ್ತು ಲಕ್ಷದ ಒಳಗೆ ಅದೇ ಕೊನೇದು. ಇನ್ನೊಂದೇ ಒಂದು ಹೆಜ್ಜೆ ಇಟ್ಟಿದ್ರೆ ಸರಿಯಾಗಿ ಇದರ ತಲೆ ಮೇಲೆ ಇಳೀತಿತ್ತು. ಕೊಸರಿನ ಹತ್ತಕ್ಕೆ ಪಟ್ಟಿ ಯಾಕೆ ಅಂತ ಕೈಯಲ್ಲೇ ಮಾಡಿದೆ. ಕೈ ಒಂದು ಮನೆ ಬಿಟ್ಟುಬಿಡ್ತು."

"ಹಾಗಾದ್ರೆ ಇದು ಒಡೆಯುತ್ತಾ ಮೇಷ್ಟ್ರೇ?" ಎಂದ. ತನ್ನ ದನಿಯಲ್ಲಿ ಭಯಕ್ಕಿಂತ ಕುತೂಹಲವೇ ಹೆಚ್ಚಿದ್ದದ್ದು ಅವನಿಗೇ ವಿಚಿತ್ರವೆನಿಸಿತು.

"ಸಲೀಸಾಗಿ. ಇನ್ನೂರ ತೊಂಬತ್ತಮೂರು ಇಂಟು ಮೂರು ಸಾವಿರದ ನಾನೂರ ಹದಿಮೂರು. ದೂರದ ಊರಿಂದ ಓದುಗರೊಬ್ಬರು ಬರೆದಿದ್ದಾರೆ. ಎರಡು ಸಾಲಿನ ಕಾಗದ. ಓದಿ ಎರಡು ದಿನ ನಿದ್ದೆ ಬರಲಿಲ್ಲ ನನಗೆ, ಖುಷಿಗೆ." ಅವರು ಜೇಬಿನಿಂದ ಒಂದು ಚೀಟಿ ತೆಗೆದರು. "ಮುನ್ನುಡಿ ಕೊನೆಗೆ ಇದೊಂದು ಸಾಲು ಸೇರಿಸಬೇಕು. ಈ ತಪ್ಪನ್ನು ಮೊದಲು ಕಂಡು ತಿಳಿಸಿದವರಿಗೆ ಕೃತಜ್ಞತೆಗಳು. ಹೆಸರು ಕೆಳಗಿದೆ." ಆಮೇಲೆ ಗಿಣಿ ಕೂತ ಕುರ್ಚಿಯನ್ನು ನೋಡುತ್ತ, ಯಾವ ಉದ್ದೇಶವೂ ಇಲ್ಲದೆ, "ಆಗ ನಿಮ್ಮ ಅಕ್ಕ ಓದ್ತಿದ್ರಲ್ವಾ. ಅವರು ಗಟ್ಟಿಗರು. ಅವರ ಕಣ್ಣಿಗೂ ಬೀಳಲಿಲ್ಲ ನೋಡಿ" ಎಂದರು.

ಹೇಳಬೇಕಾದ ಮಾತಿಗೆ ಅದಕ್ಕಿಂತ ಅಗಲವಾದ ಬಾಗಿಲು ಇನ್ನೊಂದಿರಲಿಲ್ಲ. ಅವನು ಬಾಯಿ ತೆರೆದ. "ಟೀ ತರಿಸ್ಲಾ ಮೇಷ್ಟ್ರೇ?" ಎಂದ. ಟೀ ಬಂತು, ಮೇಷ್ಟ್ರು ತಟ್ಟೆಗೆ ಸುರಿದುಕೊಂಡು ಕುಡಿದರು, ನಾಲ್ಕು ಗಂಟೆಗೆ ಪುಟ ಅಚ್ಚಿಗೆ ಹೋಗಲಿ, ತಾನು ಅಲ್ಲಿವರೆಗೆ ಪಕ್ಕದ ವಾಚನಾಲಯದಲ್ಲಿ ಇರುತ್ತೇನೆ ಎಂದರು. ಅವನು ಚೀಟಿಯನ್ನು ನೋಡಿದ. ಪ್ರತಿಯಲ್ಲಿ ಇರುವುದು ಅಚ್ಚಿನಲ್ಲಿ ಇದೆಯೇ ಎಂದು ನೋಡುವುದು ಅವನ ಕೆಲಸ. ಪ್ರತಿಯಲ್ಲಿ 'ಮೊದಲು' ಎಂದಿದೆ. ಅಚ್ಚಿನಲ್ಲೂ 'ಮೊದಲು' ಎಂದಿರುತ್ತದೆ. ಅವನು ಪಕ್ಕದಲ್ಲಿ ಸರಿ ಗುರುತು ಹಾಕುತ್ತಾನೆ. ನಿಯಮದ ಪ್ರಕಾರ ಎಲ್ಲೂ ತಪ್ಪಿರುವುದಿಲ್ಲ. ನಾಲ್ಕು ಗಂಟೆಯ ನಂತರ ಅಕ್ಕ ಕಂಡದ್ದು ಯಾರೂ ಕಾಣದ್ದಾಗಿಬಿಡುತ್ತದೆ. ಆಗ ರಬ್ಬರಿನಿಂದ ಉಜ್ಜಿದ್ದ, ಈಗ ಸೀಸದ ಅಚ್ಚಿನಿಂದ ಉಜ್ಜುತ್ತಾನೆ. "ಸಾರ್, ಮುಖ ಯಾಕೆ ಹಾಗಾಯ್ತು? ಊಟ ಮಾಡ್ಕೊಂಡ್ ಬನ್ನಿ" ಎಂದಳು ಗಿಣಿ. ಅವನು ಕೊನೆಯ ಪುಟವನ್ನೂ ಮುನ್ನುಡಿಯ ಹಾಳೆಯನ್ನೂ ಮಡಿಸದೆ ರಟ್ಟಿನ ಕಡತದಲ್ಲಿಟ್ಟುಕೊಂಡು ಹೊರಟ.

ಮನೆಗೆ ಎರಡೇ ಬೀದಿ. ಮೂಲೆಯ ಹೊಸ ಅಂಗಡಿಯಲ್ಲಿ ಒಬ್ಬ ಮಂಡಿಯೂರಿ ನೆಲಕ್ಕೆ ಹಂಚು ಕೂರಿಸುತ್ತಿದ್ದ. ಚೌಕ ಚೌಕ. ಗೋಡೆಯ ಹತ್ತಿರ ಒಂದು ಸಾಲು ಸರಿಹೋಗದೆ ಹಂಚನ್ನು ಕತ್ತರಿಸಬೇಕಾಗಿ ಬಂದು ತನಗೆ ತಾನೇ ಬೈದುಕೊಳ್ಳುತ್ತಿದ್ದ. ಅದನ್ನು ನೋಡುತ್ತ ಇವನು ಅಲ್ಲಿ ಯಾಕೆ ಅಷ್ಟು ಹೊತ್ತು ನಿಂತನೋ. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಯೊಂದು ನೆನಪಾಗಿತ್ತು. ದೇವರು ಅತಿಥಿಯ ವೇಷದಲ್ಲಿ ಒಂದು ಊರಿಗೆ ಬರುತ್ತಾನೆ. ಮನೆಮನೆಯ ಬಾಗಿಲು ತಟ್ಟಿ, ಇರುವುದನ್ನೆಲ್ಲ ಸಮನಾಗಿ ಹಂಚಿ, ಏನೂ ಉಳಿಯದ ಮನೆಯಲ್ಲಿ ನಾನು ತಂಗುತ್ತೇನೆ ಎನ್ನುತ್ತಾನೆ. ಒಂದು ಮನೆಯಲ್ಲಿ ಒಂದು ಕಾಳು ಉಳಿಯುತ್ತದೆ, ಇನ್ನೊಂದರಲ್ಲಿ ಒಂದು ಎಳೆ ನೂಲು, ಮತ್ತೊಂದರಲ್ಲಿ ಒಂದು ಮಾತು. ಅತಿಥಿ ಕೋಪಿಸಿಕೊಳ್ಳುವುದಿಲ್ಲ, ಮುಂದಿನ ಬಾಗಿಲಿಗೆ ಹೋಗುತ್ತಾನೆ. ಅಕ್ಕ ಪ್ರತಿ ಸಲವೂ, ಎಷ್ಟನೇ ಮನೇಲಿ ನಿಂತ ಅಜ್ಜಿ, ಎಂದು ಕೇಳುತ್ತಿದ್ದಳು. ಅಜ್ಜಿ ಪ್ರತಿ ಸಲವೂ ಬೇರೆ ಸಂಖ್ಯೆ ಹೇಳುತ್ತಿದ್ದಳು. ಅವನು ಅಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದ. ಯಾರೂ ಮಣ್ಣು ಕಲಸುವ ಮೊದಲೇ, ಯಾರೂ ಒಂದು ಎರಡು ಎನ್ನುವ ಮೊದಲೇ, ಈ ಸಂಖ್ಯೆ ಹೀಗೆಯೇ ಒಡೆದಿತ್ತಲ್ಲ ಎಂದು ಅವನಿಗೆ ಅನ್ನಿಸಿತು. ಮೇಷ್ಟ್ರ ಚುಕ್ಕಿ ಅದನ್ನು ಕೂಡಿಸಲಿಲ್ಲ, ತನ್ನ ರಬ್ಬರು ಅದನ್ನು ಮುಚ್ಚಲಿಲ್ಲ. ದೇವರು ಇಟ್ಟ ಜಾಗದಲ್ಲಿ ಅದು ಸುಮ್ಮನೆ ಇತ್ತು. ಮುಚ್ಚಿಹೋದದ್ದು ಅಕ್ಕ ಮಾತ್ರ.

ಅಕ್ಕ ಅಂಟಿನ ಬಟ್ಟಲಿಗೆ ನೀರು ಹಾಕಿ ಕಲಸುತ್ತಿದ್ದಳು. ಅವನು ಚಪ್ಪಲಿ ಬಿಡದೆಯೇ ಒಳಗೆ ಬಂದ.

"ಏನೋ, ಇಷ್ಟು ಬೇಗ? ಹುಷಾರಿಲ್ವಾ?"

"ಅಕ್ಕ, ಅವತ್ತು ನೀನು ಅಂಚಲ್ಲಿ ಬರೆದಿದ್ದು ಮೇಷ್ಟ್ರು ನೋಡಲೇ ಇಲ್ಲ. ನಾನು ಉಜ್ಜಿಬಿಟ್ಟಿದ್ದೆ."

ಅವಳ ಕೈಯ ಕಡ್ಡಿ ಬಟ್ಟಲಲ್ಲಿ ಇನ್ನೊಂದು ಸುತ್ತು ಸುತ್ತಿ ನಿಂತಿತು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅವನು ಉಳಿದದ್ದನ್ನೂ ಹೇಳಿದ: ಮೇಷ್ಟ್ರು ಬಂದದ್ದು, ಪಟ್ಟಿ, ಚೀಟಿ, ನಾಲ್ಕು ಗಂಟೆ. ಹೇಳುತ್ತ ಹೋದಂತೆ ನಿಯಮದ ಮಾತು ಎತ್ತಬಾರದೆಂದುಕೊಂಡಿದ್ದವನು ಅದನ್ನೂ ಎತ್ತಿದ, ಎತ್ತಿ, "ಅದೂ ಅಲ್ಲ. ನಿಂಗೆ ಕಂಡಿದ್ದು ನಂಗೆ ಕಾಣಲಿಲ್ಲವಲ್ಲ, ಅದಕ್ಕೆ" ಎಂದ.

"ಆ ಮನುಷ್ಯನ್ನ ಹತ್ತೊಂಬತ್ತು ವರ್ಷ ಮನಸ್ಸಲ್ಲೇ ಬೈಕೊಂಡೆನಲ್ಲೋ" ಎಂದಳು ಅಕ್ಕ. ದನಿ ಏರಿರಲಿಲ್ಲ. "ದೊಡ್ಡವರು, ಓದುವವಳ ಮಾತು ಯಾಕೆ ಲೆಕ್ಕಕ್ಕಿಟ್ಕೋತಾರೆ ಅಂತ. ಪಾಪ, ಅವರು ಸುಮ್ಮನೆ ನಮಸ್ಕಾರ ಮಾಡ್ಕೊಂಡು ಹೋದ್ರು." ಆಮೇಲೆ ಕೇಳಿದಳು: "ನೀನು ಭಾಗಿಸಿ ನೋಡಿದ್ಯಾ?"

"ಇಲ್ಲ."

"ಉಜ್ಜೋ ಮುಂಚೆ?"

"ಇಲ್ಲ."

"ಆಮೇಲೆ? ಒಂದ್ಸಲ?"

"ಒಂದ್ಸಲನೂ ಇಲ್ಲ ಅಕ್ಕ. ನೀನು ತಪ್ಪಿರಬಹುದು ಅಂದ್ಕೊಂಡು ಇರೋಕೆ ಅದೇ ಸುಲಭ ಆಗಿತ್ತು."

ಇದು ಅವಳಿಗೆ ರಬ್ಬರಿಗಿಂತ ಆಳವಾಗಿ ತಾಗಿತು ಎಂಬುದು ಅವಳು ಅಂಟಿನ ಕಡ್ಡಿಯನ್ನು ಬಟ್ಟೆಯಿಂದ ಒರೆಸಿದ ರೀತಿಯಲ್ಲೇ ಗೊತ್ತಾಯಿತು. ಒಂದು ಸಲ, ಇನ್ನೊಂದು ಸಲ, ಒರೆಸಲು ಏನೂ ಉಳಿಯದ ಮೇಲೂ. ಆಮೇಲೆ ಎದ್ದು, ಹೊಲಿಗೆಯ ಪುಸ್ತಕಗಳನ್ನು ಒತ್ತಟ್ಟಿಗೆ ಸರಿಸಿ, ಗೋಡೆಯ ಕಡೆಯ ಕುರ್ಚಿಯನ್ನು ಎಳೆದು ತಾನು ಕೂತಳು. ಎದುರಿನ ಕುರ್ಚಿ ತೋರಿಸಿದಳು. "ಕೂತ್ಕೋ. ಕಾಗದ ತಗೋ."

"ಅಕ್ಕ, ಹೊತ್ತು ಒಂದಾಗ್ತಾ ಬಂತು. ಇನ್ನೂರ ತೊಂಬತ್ತಮೂರು ಅಂತ ಗೊತ್ತಲ್ಲ, ಗುಣಿಸಿ ನೋಡಿದ್ರೆ ಒಂದು ನಿಮಿಷ."

"ಗೊತ್ತಾದ ಮೇಲೆ ಎಲ್ಲರಿಗೂ ಒಂದು ನಿಮಿಷವೇ. ನಂಗ್ಯಾರು ಹೇಳಿದ್ರು? ಅದಕ್ಕಿಂತ ಮುಂಚೆ ಚುಕ್ಕಿ ಇರೋ ಅರವತ್ತೊಂದು ಬಾಗಿಲು ತಟ್ಟಿದೀನಿ ಕಣೋ, ಒಲೆ ಮುಂದೆ ಕೂತು. ನೀನೂ ತಟ್ಟು. ಪುಟ ಕಾಯುತ್ತೆ." ಅವಳು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಆ ಹಳೆಯ ದನಿಯಲ್ಲಿ ಕರೆದಳು: "ಎರಡು."

"ಒಂದು ಉಳಿಯುತ್ತೆ."

"ಮೂರು."

"ಒಂದು."

"ಐದು."

"ನಾಲ್ಕು."

ಚಿಕ್ಕ ಸಂಖ್ಯೆಗಳೆಲ್ಲ ಅವನಿಗೆ ಬೆಳಿಗ್ಗೆಯೇ ಆಗಿದ್ದವು. ಇಪ್ಪತ್ತಮೂರಕ್ಕೆ ಹದಿನೈದು ಉಳಿಯಿತು, ಇಪ್ಪತ್ತೊಂಬತ್ತಕ್ಕೆ ಎರಡು. ಐವತ್ತು ದಾಟಿದ ಮೇಲೆ ಪೆನ್ಸಿಲ್ಲು ಬೇಕಾಯಿತು. ಹತ್ತೊಂಬತ್ತು ವರ್ಷದಲ್ಲಿ ಒಂದು ಅಂಕಿಯನ್ನೂ ಗಟ್ಟಿಯಾಗಿ ಓದದವಳು ಒಂದು ಭಾಜಕವನ್ನೂ ಬಿಡದೆ, ಒಂದನ್ನೂ ಹಿಂದೆ ಮುಂದೆ ಮಾಡದೆ ಕರೆಯುತ್ತಿದ್ದಳು. ಅವನು ತಪ್ಪಿದಲ್ಲಿ "ಉಹುಂ" ಎನ್ನುತ್ತಿದ್ದಳು. ಅವಳಿಗೆ ಎಲ್ಲ ಉಳಿಕೆಗಳೂ ನೆನಪಿದ್ದವು! ನೂರರ ಗಡಿಯಲ್ಲಿ ಅವನ ಬೆನ್ನು ನೋಯತೊಡಗಿತು. ನೂರೈವತ್ತರ ಹೊತ್ತಿಗೆ ನೋವು ಮರೆತುಹೋಗಿ ಇನ್ನೊಂದೇನೋ ಶುರುವಾಯಿತು. ಪ್ರತಿ ಸಲ ಕೆಳಗಿನ ಸಾಲಿಗೆ ಇಳಿಯುವಾಗ, ಇಲ್ಲಿ ಎಷ್ಟು ಉಳಿದೀತು ಎಂದು ಕಾಯುವ ಹಂಬಲ. ಇದನ್ನೇ ಅವಳು ಅಂದು ಒಬ್ಬಳೇ ಅನುಭವಿಸಿದ್ದಳು; ಬೆಳಿಗ್ಗೆ ಎದ್ದು ಹಂಚಿಕೊಳ್ಳಲು ಒಂದು ಅಂಚು ಹುಡುಕಿದ್ದಳು. ಇನ್ನೂರಕ್ಕೆ ಬಂದಾಗ ಅವಳೇ ನಿಲ್ಲಿಸಿ ನೀರು ಕೊಟ್ಟಳು.

"ಸಾವಿರ, ಮೂರು. ಆ ಜೋಡಿ ಹೇಳಿದ್ದೆನಲ್ಲ. ಇನ್ನೊಂದು ಜೋಡಿನೂ ಇದೆ ಗೊತ್ತಾ? ಒಂಬೈನೂರ ಎಪ್ಪತ್ತೆರಡರ ಚೌಕ, ಇನ್ನೂರ ಮೂವತ್ತೈದರ ಚೌಕ. ಕೂಡಿಸಿ ನೋಡು, ಅದೇ ಹತ್ತು ಲಕ್ಷದ ಒಂಬತ್ತು. ಆಮೇಲೆ ಸಿಕ್ತು ನಂಗೆ, ಕೆಲಸ ಬಿಟ್ಟ ವರ್ಷ. ಹೀಗೆ ಎರಡು ತರ ಕೂರೋ ಬೆಸ ಸಂಖ್ಯೆ ಒಡೆಯದೇ ಇರಲ್ಲ."

"ಯಾರಿಗೂ ಹೇಳಲಿಲ್ವಲ್ಲ ಅಕ್ಕ."

"ಯಾರಿಗೆ ಹೇಳ್ಲಿ, ಅಂಟಿಗಾ?" ಎಂದಳು. ನಕ್ಕಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. "ಇನ್ನೂರ ಹನ್ನೊಂದು."

ಇನ್ನೂರ ಎಂಬತ್ತಮೂರು ಅರವತ್ತೊಂದನೆಯದು. ನೂರೆಪ್ಪತ್ತು ಉಳಿಯಿತು. ಗೋಡೆಯ ಗಡಿಯಾರದಲ್ಲಿ ಮೂರು ಹೊಡೆಯಲು ಹತ್ತು ನಿಮಿಷ. ಅಕ್ಕ ಮುಂದಿನದನ್ನು ಕರೆಯಲಿಲ್ಲ. ಅವಳ ಕೈ ಮೇಜಿನ ಮೇಲೆ, ಗೆಣ್ಣು ಮಡಿಸಿ, ಎತ್ತಿದಂತೆ ಇತ್ತು. ಅವನೇ ಹೇಳಬೇಕೆಂದು ಅವಳು ಕಾಯುತ್ತಿದ್ದಾಳೆಂದು ಅವನಿಗೆ ತಡವಾಗಿ ಅರ್ಥವಾಯಿತು.

"ಇನ್ನೂರ ತೊಂಬತ್ತಮೂರು" ಎಂದ. ಆ ಓಣಿಯೊಳಗೆ ಕಾಲಿಟ್ಟ. ಮೂರು ಸಲ ಹೋಯಿತು, ಕಳೆದ. ನಾಲ್ಕು ಸಲ, ಕಳೆದ. ಒಂದು ಸಲ. ಎಂಟುನೂರ ಎಪ್ಪತ್ತೊಂಬತ್ತು ಉಳಿದು, ಅದರಲ್ಲಿ ಮೂರು ಸಲ. ಕೆಳಗೆ ಗೆರೆ ಎಳೆದು ಕಳೆದ. ಸೊನ್ನೆ. ಒಂಬತ್ತರ ಕೆಳಗೆ ಒಂಬತ್ತು, ಏಳರ ಕೆಳಗೆ ಏಳು, ಎಂಟರ ಕೆಳಗೆ ಎಂಟು, ಒಬ್ಬರನ್ನೊಬ್ಬರು ಕಾಯುತ್ತಿದ್ದವರ ಹಾಗೆ. ಏನೂ ಉಳಿಯಲಿಲ್ಲ. ಗೊತ್ತಿದ್ದೂ ಅವನ ಮೈ ಜುಮ್ಮೆಂದಿತು. ತಲೆಯೆತ್ತಿದಾಗ ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು, ಈ ಒಂದು ಗಳಿಗೆಯನ್ನು ನೋಡಲಿಕ್ಕೆಂದೇ ಇಷ್ಟು ಹೊತ್ತು ಕೂತಿದ್ದವಳ ಹಾಗೆ.

"ಬರಿ" ಎಂದಳು.

"ಎಲ್ಲಿ?"

"ಎಲ್ಲಿ ಉಜ್ಜಿದ್ಯೋ ಅಲ್ಲಿ."

ಅವನು ಕಡತ ಬಿಚ್ಚಿ ಕೊನೆಯ ಪುಟವನ್ನು ಹರಡಿದ. ಚುಕ್ಕಿಗೆ ಅಡ್ಡಗೆರೆ ಹಾಕಿ, ಅಂಚಿನಲ್ಲಿ 293 ಎಂದು ಬರೆದ. ಪೆನ್ಸಿಲ್ಲನ್ನು ಅವಳ ಕಡೆಗೆ ಚಾಚಿದ. ಅವಳು ಮುಟ್ಟಲಿಲ್ಲ. "ನಿನ್ನ ಅಕ್ಷರದಲ್ಲೇ ಇರಲಿ. ಎಲ್ಲ ಬರಿ" ಎಂದಳು. ಅವನು ಮುನ್ನುಡಿಯ ಹಾಳೆಯನ್ನು ತೆಗೆದು, ಮೇಷ್ಟ್ರ ಸಾಲು ಬರಬೇಕಾದ ಜಾಗದ ಪಕ್ಕದಲ್ಲಿ ಬರೆಯತೊಡಗಿದ. ಮೇಷ್ಟ್ರಿಗೆ — 'ಮೊದಲು' ಎಂಬುದು ಸರಿಯಲ್ಲ. ಈ ಸಂಖ್ಯೆಯನ್ನು ಮೊದಲ ಮುದ್ರಣದ ಕರಡಿನಲ್ಲೇ ಒಡೆದವಳು ಓದುವವಳು. ಅವಳು ಅಂಚಿನಲ್ಲಿ ಬರೆದದ್ದನ್ನು ಉಜ್ಜಿದವನು ತಿದ್ದುವವನು. ಕೆಳಗೆ ತನ್ನ ಗುರುತು ಹಾಕಿದ. 'ಉಜ್ಜಿದವನು' ಎನ್ನುವಲ್ಲಿ ಪೆನ್ಸಿಲ್ಲು ಜಾರಿ ಅಕ್ಷರ ಸೊಟ್ಟಗಾಗಿತ್ತು. ಮೂವತ್ತು ವರ್ಷದ ಅಭ್ಯಾಸ. ಸೊಟ್ಟಗಾದದ್ದನ್ನು ಅಂದವಾಗಿ ಮಾಡಲು ಅವನ ಎಡಗೈ ತಾನಾಗಿ ಮೇಜಿನ ಮೇಲೆ ರಬ್ಬರಿಗಾಗಿ ತಡಕಾಡಿತು. ಕಾಗದದ ಕೆಳಗೆ ಇರಲಿಲ್ಲ, ಕಡತದ ಬಳಿಯೂ ಇರಲಿಲ್ಲ.

ರಬ್ಬರು ಅಕ್ಕನ ಮುಷ್ಟಿಯಲ್ಲಿತ್ತು.